ಗಾಡಿಜಾಡಿನಿಂದ ಹಾಲಿನ ವ್ಯಾನಿನವರೆಗೆ: ನಮ್ಮ ಮಡಿಕೇರಿ ರಸ್ತೆಯ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಹೊರತರುತ್ತಿರುವ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಗಳೂ ಮನೆಯ ತನಕ ಬಂದು ಕೇಳಿಕೊಂಡರು. "ಮೇಷ್ಟ್ರೇ, ನೀವು ಇಸ್ಕೂಲಲ್ಲಿ ಚರಿತ್ರೆ ಪಾಠ ಮಾಡ್ದೋರು, ನಮ್ಮೂರ ಚರಿತ್ರೆ ಬರೀರಿ" ಅಂದರು. ಒಪ್ಪಿಕೊಂಡ ಮೇಲೆ ಯೋಚನೆಗಿಟ್ಟುಕೊಂಡಿತು. ನಮ್ಮೂರಿನಲ್ಲಿ ರಾಜರು ಆಳಿದ ಕೋಟೆ ಇಲ್ಲ, ಪಂಡಿತರು ಓದುವ ಶಾಸನ ಇಲ್ಲ. ಇರುವುದು ಮಾರಿಗುಡಿ, ಕೆರೆ, ಅರಳೀಕಟ್ಟೆ, ಈಗ ನಮ್ಮ ಸಂಘದ ಕಟ್ಟಡ. ಆದರೆ ಊರಿಂದ ಮೂರು ಕಿಲೋಮೀಟರ್ ನಡೆದರೆ ಒಂದು ರಸ್ತೆ ಸಿಗುತ್ತದೆ. ಹುಣಸೂರಿನಿಂದ ಬಂದು ಕಂಪಲಾಪುರ, ಪಿರಿಯಾಪಟ್ಟಣ ಹಾದು ಮಡಿಕೇರಿ ಘಟ್ಟ ಹತ್ತಿ ಮಂಗಳೂರಿನ ಕಡೆ ಇಳಿಯುವ ರಸ್ತೆ. ನಮ್ಮ ಚರಿತ್ರೆಯೆಲ್ಲಾ ಆ ರಸ್ತೆಯ ಮೇಲೆಯೇ ನಡೆದಿದೆ. ಆದ್ದರಿಂದ ಅದರ ಕಥೆಯನ್ನೇ ಬರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಸ್ತೆ ಹತ್ತಿರ ಇದ್ದ ಮಾತ್ರಕ್ಕೆ ಊರು ಉದ್ಧಾರವಾಗುವುದಿಲ್ಲ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಈ ರಸ್ತೆ ನಮ್ಮ ಕಣ್ಣ ಮುಂದೆಯೇ ಬೇರೆಯವರ ಸಾಮಾನು ಹೊತ್ತುಕೊಂಡು ಓಡಾಡಿತು. ನಮ್ಮ ಊರಿನದು ಅಂತ ಒಂದು ವಸ್ತು ದಿನವೂ ಅದರ ಮೇಲೆ ಏರಲು ಶುರುವಾದ ಮೇಲೆಯೇ ಅದು ನಮ್ಮ ರಸ್ತೆ ಆಯಿತು. ಈ ಮಾತು ಯಾಕೆ ಹೇಳಿದೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ರಸ್ತೆ ಹೋಗುವ ದಾರಿ

ದಿನಾ ಬಸ್ಸಿನಲ್ಲಿ ಓಡಾಡುವವರಿಗೂ ಇದರ ಪೂರ್ತಿ ದಾರಿ ಗೊತ್ತಿರುವುದಿಲ್ಲ. ಮೈಸೂರಿನಿಂದ ಹೊರಟು ಹಿನಕಲ್, ಇಲವಾಲ, ಬಿಳಿಕೆರೆ ದಾಟಿದರೆ ಸುಮಾರು 45 ಕಿಲೋಮೀಟರಿಗೆ ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು. ಹುಣಸೂರು ಒಂದು ದೊಡ್ಡ ಕೂಡುರಸ್ತೆ. ಅಲ್ಲಿಂದ ಒಂದು ದಾರಿ ಕೆ.ಆರ್. ನಗರಕ್ಕೆ, ಒಂದು ಎಚ್.ಡಿ. ಕೋಟೆಗೆ, ಇನ್ನೊಂದು ಪಂಚವಳ್ಳಿ, ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಲಿಗೆ ಹೋಗಿ, ವಿರಾಜಪೇಟೆ, ಮಾಕುಟ್ಟದ ಮೂಲಕ ಮಲೆಯಾಳ ಸೀಮೆಗೆ ಇಳಿಯುತ್ತದೆ. ನಮ್ಮ ರಸ್ತೆ ಮಾತ್ರ ಪಶ್ಚಿಮಕ್ಕೆ ಕಂಪಲಾಪುರ, ಪಿರಿಯಾಪಟ್ಟಣ, ಬೈಲಕುಪ್ಪೆ, ಕೊಪ್ಪ ಹಾದು ಕಾವೇರಿ ಹೊಳೆ ದಾಟುತ್ತದೆ. ಆಚೆ ದಡದಲ್ಲಿ ಕುಶಾಲನಗರ. ಅಲ್ಲಿಗೆ ಮೈಸೂರು ಜಿಲ್ಲೆ ಮುಗಿದು ಕೊಡಗು ಶುರು.

ಕುಶಾಲನಗರ ಬಿಟ್ಟ ಮೇಲೆ ರಸ್ತೆಯ ಗುಣವೇ ಬೇರೆ. ಗುಡ್ಡೆಹೊಸೂರು, ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ ಎಂದು ಏರುತ್ತಾ ಏರುತ್ತಾ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ಸೇರುತ್ತದೆ. ಮೈಸೂರಿನಿಂದ ಇಲ್ಲಿಗೆ ಸುಮಾರು 120 ಕಿಲೋಮೀಟರ್. ಅಲ್ಲಿಂದ ಮದೆನಾಡು, ಜೋಡುಪಾಲ, ಕೊಯನಾಡು ಎಂದು ತಿರುವಿನ ಮೇಲೆ ತಿರುವು ಹಾಕಿಕೊಂಡು ಸಂಪಾಜೆಗೆ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಕಿವಿ ಗುಂಯ್ ಅನ್ನುತ್ತದೆ, ಸೆಕೆ ಶುರುವಾಗುತ್ತದೆ, ಅಡಿಕೆ ತೋಟ ಕಾಣುತ್ತದೆ. ಆಮೇಲೆ ಸುಳ್ಯ, ಜಾಲ್ಸೂರು, ಪುತ್ತೂರು, ಕಬಕ ದಾಟಿ ಮಾಣಿಯಲ್ಲಿ ಬೆಂಗಳೂರು-ಮಂಗಳೂರು ಹೆದ್ದಾರಿಗೆ ಸೇರಿಕೊಳ್ಳುತ್ತದೆ. ಮೈಸೂರಿನಿಂದ ಬಂಟ್ವಾಳದವರೆಗಿನ ಈ ರಸ್ತೆಗೆ ಮುಂಚೆ ರಾಜ್ಯ ಹೆದ್ದಾರಿ 88 ಅಂತ ಹೆಸರಿತ್ತು. ಈಗ ಅದು ರಾಷ್ಟ್ರೀಯ ಹೆದ್ದಾರಿ 275. ನಂಬರು ಎಷ್ಟಾದರೂ ಬದಲಾಗಲಿ, ನಮ್ಮ ಬಾಯಲ್ಲಿ ಅದು ಮಡಿಕೇರಿ ರಸ್ತೆಯೇ.

ಎತ್ತು ತುಳಿದ ದಾರಿ

ಜಲ್ಲಿ, ಡಾಂಬರು ಬರುವುದಕ್ಕೆ ಮುಂಚೆ ಈ ದಾರಿಯನ್ನು ಮಾಡಿದ್ದು ದನಗಳ ಕಾಲು. ಘಟ್ಟದ ಕೆಳಗಿನವರಿಗೆ ಅಕ್ಕಿ, ರಾಗಿ, ಕಾಳು ಬೇಕು. ಘಟ್ಟದ ಮೇಲಿನವರಿಗೆ ಉಪ್ಪು, ಒಣಮೀನು, ಕೊಬ್ಬರಿ ಬೇಕು. ಗಾಡಿ ಹೋಗಲಾಗದ ಕಡೆ ಎತ್ತಿನ ಬೆನ್ನಿನ ಮೇಲೆ ಹೇರು ಹಾಕಿ ಸಾಲುಗಟ್ಟಿ ಹೊಡೆದುಕೊಂಡು ಹೋಗುತ್ತಿದ್ದ ಕಾಲ ಅದು. ಇವತ್ತು ಒಂದು ಕಿಲೋ ಉಪ್ಪಿಗೆ ನಾವು ಬೆಲೆಯನ್ನೇ ಕೇಳುವುದಿಲ್ಲ. ಆದರೆ ಸಮುದ್ರದ ಉಪ್ಪು ಎತ್ತಿನ ಬೆನ್ನಿನ ಮೇಲೆ ಘಟ್ಟ ಹತ್ತಿ ಬರಬೇಕಾದ ಕಾಲದಲ್ಲಿ ಅದರ ಬೆಲೆ ಏನಿದ್ದೀತು ಯೋಚಿಸಿ. ಉಪ್ಪಿನ ಋಣ ಎಂಬ ಮಾತು ಸುಮ್ಮನೆ ಬಂದದ್ದಲ್ಲ.

ಹಾಲಿನ ಸಂಘದವರಾದ ನಾವು ಇಲ್ಲಿ ತಿಳಿಯಬೇಕಾದ ಒಂದು ವಿಷಯವಿದೆ. ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಇತ್ತು. ಅದಕ್ಕಾಗಿ ಅಲ್ಲಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದರ ಹೆಸರು ‘ಅಮೃತ ಮಹಲ್’ ಆಯಿತು. ಹೆಸರು ಬೆಣ್ಣೆಯದು, ಅಮೃತದ್ದು. ಆದರೆ ಹೈದರ್ ಮತ್ತು ಟಿಪ್ಪು ಆ ಎತ್ತುಗಳನ್ನು ಫಿರಂಗಿ ಎಳೆಯಲು ಕಟ್ಟಿದರು. ಹೈದರಾಲಿಯ ಸೈನ್ಯ ಈ ಎತ್ತುಗಳ ಬಲದಿಂದ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಎತ್ತು ಇಲ್ಲದ ಸೈನ್ಯದ ಗತಿ ಏನಾಗುತ್ತದೆ ಎಂಬುದೂ ಚರಿತ್ರೆಯಲ್ಲಿದೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ ಲಾರ್ಡ್ ಕಾರ್ನ್‌ವಾಲೀಸ್, ಎಳೆಯುವ ಎತ್ತುಗಳು ರೋಗ ಮತ್ತು ಮೇವಿಲ್ಲದೆ ಸತ್ತು ಹೋದದ್ದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಕ್ಕೆ ಹೋಗಬೇಕಾಯಿತು. ಮೇವು ಇಲ್ಲದಿದ್ದರೆ ರಾಜ್ಯವೂ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಪಿರಿಯಾಪಟ್ಟಣ ಕಂಡ ಯುದ್ಧಗಳು

ನಮ್ಮ ತಾಲ್ಲೂಕು ಕೇಂದ್ರ ಪಿರಿಯಾಪಟ್ಟಣ ಮೊದಲು ಚಂಗಾಳ್ವ ಅರಸರದು. ಸಿಂಗಪಟ್ಟಣ ಎಂದಿದ್ದ ಊರಿಗೆ ಪಿರಿಯರಾಜ ತನ್ನ ಹೆಸರಿಟ್ಟನೆಂದು ಹೇಳುತ್ತಾರೆ. 1640ರ ದಶಕದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಸೈನ್ಯ ಅದನ್ನು ಗೆದ್ದು ಮೈಸೂರಿಗೆ ಸೇರಿಸಿತು. ಮೈಸೂರಿಗೂ ಕೊಡಗಿಗೂ ನಡುವೆ ಬಾಗಿಲಿನ ಹಾಗೆ ಇದ್ದ ಊರು ಇದಾದ್ದರಿಂದ ಎರಡೂ ಕಡೆಯವರ ಕಣ್ಣು ಇದರ ಮೇಲೆ. ಕೊಡಗಿನ ದೊಡ್ಡ ವೀರರಾಜೇಂದ್ರನನ್ನು ಟಿಪ್ಪು ಸೆರೆಯಲ್ಲಿಟ್ಟಿದ್ದು ಪಿರಿಯಾಪಟ್ಟಣದ ಕೋಟೆಯಲ್ಲೇ. 1788ರ ಡಿಸೆಂಬರಿನಲ್ಲಿ ಆತ ಅಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿದ ಮೇಲೆ ಇಂಗ್ಲಿಷರ ಜೊತೆಯಾದ.

ಆಗ ಇಂಗ್ಲಿಷರ ಬೊಂಬಾಯಿ ಸೈನ್ಯಕ್ಕೆ ಕಣ್ಣಾನೂರಿನಿಂದ ಶ್ರೀರಂಗಪಟ್ಟಣಕ್ಕೆ ಬರಲು ಕೊಡಗಿನ ಘಟ್ಟದ ದಾರಿ ಸಿಕ್ಕಿತು. 1791ರಲ್ಲಿ ಜನರಲ್ ಅಬರ್‌ಕ್ರೋಂಬಿ ಆ ದಾರಿಯಲ್ಲಿ ಪಿರಿಯಾಪಟ್ಟಣದ ಕಡೆಗೆ ಬಂದು, ಕಾರ್ನ್‌ವಾಲೀಸ್ ಹಿಂದೆ ಸರಿದ ಸುದ್ದಿ ತಿಳಿದು ತಾನೂ ಘಟ್ಟ ಇಳಿದ. ವೀರರಾಜೇಂದ್ರನೂ ಅಬರ್‌ಕ್ರೋಂಬಿಯೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿಸಿದ ಊರೇ ವಿರಾಜಪೇಟೆ. ಮತ್ತೆ 1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೆ ಕೆಲವೇ ಮೈಲಿ ದೂರದಲ್ಲಿ, ಇಂಗ್ಲಿಷರು ‘ಸೀದಸೀರ್’ ಎಂದು ಬರೆದಿಟ್ಟ ಜಾಗದಲ್ಲಿ, ಟಿಪ್ಪು ಸ್ವತಃ ಬಂದು ಬೊಂಬಾಯಿ ಸೈನ್ಯದ ಮೇಲೆ ಬಿದ್ದ. ಕಾಡಿನ ನಡುವೆ ಗಂಟೆಗಟ್ಟಲೆ ಕಾಳಗ ನಡೆದು ಟಿಪ್ಪು ಹಿಂದಿರುಗಬೇಕಾಯಿತು. ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು.

ಇದೆಲ್ಲ ನಡೆದಾಗ ನಮ್ಮ ಹಿರೀಕರು ಎಲ್ಲಿದ್ದರು? ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಸೈನ್ಯ ಯಾವ ಕಡೆಯದಾದರೂ ಅದು ಹಾದುಹೋದ ದಾರಿಯ ಊರಿನಲ್ಲಿ ಮೆದೆಯಲ್ಲಿ ಹುಲ್ಲು, ಹಗೇವಿನಲ್ಲಿ ರಾಗಿ, ಹಟ್ಟಿಯಲ್ಲಿ ದನ ಉಳಿಯುವುದು ಕಷ್ಟ. ಆ ಕಾಲದಲ್ಲಿ ದೊಡ್ಡ ದಾರಿಗೆ ದೂರ ಇದ್ದಷ್ಟೂ ಊರಿಗೆ ಕ್ಷೇಮ ಎಂದೇ ಜನ ತಿಳಿದಿದ್ದಿರಬೇಕು.

ಒಂದು ರಸ್ತೆ, ಮೂರು ಸರ್ಕಾರ

1834ರ ಏಪ್ರಿಲಿನಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. ಅಲ್ಲಿ ಆಡಳಿತ ನೋಡಿಕೊಂಡ ಫ್ರೇಸರ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂದು ಹೆಸರಾಯಿತು. ನಮ್ಮ ಕಡೆಯ ಹಳಬರು ಮೊನ್ನೆ ಮೊನ್ನೆಯವರೆಗೂ ಅದನ್ನೇ ಹೇಳುತ್ತಿದ್ದರು. ಅದುವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆದ ಬೆಳೆಯಲ್ಲೇ ಕಂದಾಯ ಕೊಟ್ಟು ರೂಢಿಯಾಗಿದ್ದ ರೈತರಿಗೆ ನಗದು ರೂಪದಲ್ಲೇ ಕೊಡಬೇಕೆಂದು ಕಟ್ಟು ಮಾಡಿದರು. ಕೈಯಲ್ಲಿ ದುಡ್ಡಿಲ್ಲದ ರೈತ ಸಾಹುಕಾರನ ಮನೆ ಬಾಗಿಲಿಗೆ ಹೋಗದೆ ಬೇರೆ ಎಲ್ಲಿಗೆ ಹೋಗಬೇಕು? ಆ ಸಂಕಟದಿಂದ ಎದ್ದದ್ದೇ 1837ರ ಅಮರ ಸುಳ್ಯ ದಂಗೆ. ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳತ್ವದಲ್ಲಿ ರೈತರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲಿನಲ್ಲಿ ಮಂಗಳೂರನ್ನೂ ಹಿಡಿದು ಕೆಲವು ದಿನ ಕೈಯಲ್ಲಿಟ್ಟುಕೊಂಡಿತ್ತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಸಹಕಾರ ಸಂಘ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನು ಹೇಳುತ್ತೇನೆ. ರೈತನಿಗೆ ಬೇಕಾದ ಹೊತ್ತಿನಲ್ಲಿ ಮಾನವಾಗಿ ನಾಲ್ಕು ಕಾಸು ಸಿಗುವ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಅಂದಿನಿಂದ ಈ ಒಂದೇ ರಸ್ತೆಗೆ ಮೂರು ಯಜಮಾನಿಕೆ. ಕೊಪ್ಪದವರೆಗೆ ಮೈಸೂರು ಸಂಸ್ಥಾನ, ಹೊಳೆ ದಾಟಿದರೆ ಕೊಡಗು, ಘಟ್ಟ ಇಳಿದರೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ. ಮೂರೂ ಕಡೆ ಕನ್ನಡ ಮಾತಾಡುವ ಜನರೇ ಇದ್ದರೂ ಸರ್ಕಾರ ಮಾತ್ರ ಬೇರೆ ಬೇರೆ. 1956ರ ನವೆಂಬರ್ 1ರಂದು ಮೂರೂ ಒಂದೇ ರಾಜ್ಯಕ್ಕೆ ಸೇರಿದವು. ಏಕೀಕರಣ ಎಂದರೆ ನಮ್ಮ ಪಾಲಿಗೆ ಮೈಸೂರಿನಿಂದ ಮಂಗಳೂರಿನವರೆಗೆ ರಸ್ತೆ ಒಂದೇ ಮನೆಯದಾಯಿತು ಎಂದೇ ಅರ್ಥ.

ಹುಣಸೂರು ಮತ್ತು ಕಾಫಿ ಗಾಡಿಗಳು

ಟಿಪ್ಪುವಿನ ನಂತರ ಅಮೃತ ಮಹಲ್ ದನಗಳ ಮೇಲ್ವಿಚಾರಣೆಯನ್ನು 1813ರಲ್ಲಿ ಕಂಪನಿ ಸರ್ಕಾರ ತೆಗೆದುಕೊಂಡಿತು. ಅದರ ಮುಖ್ಯ ಠಾಣೆ ನಮ್ಮ ಹುಣಸೂರು. ದನ ಇದ್ದ ಕಡೆ ಚರ್ಮ, ಚರ್ಮ ಇದ್ದ ಕಡೆ ಹದಮಾಡುವವರು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿ ಎಲ್ಲಾ ಹುಣಸೂರಿನಲ್ಲಿ ತಯಾರಾಗುತ್ತಿದ್ದವು. 1860ರಲ್ಲಿ ಖರ್ಚು ಹೆಚ್ಚೆಂದು ಆ ದನಗಳನ್ನೆಲ್ಲ ಮಾರಿಬಿಟ್ಟರು. ಆಮೇಲೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ತಳಿ ಕಟ್ಟಲು ಶುರುಮಾಡಿದರು. ಕಟ್ಟಿದ್ದನ್ನು ಕೆಡಿಸುವುದು ಒಂದು ಸಹಿಯ ಕೆಲಸ, ಮತ್ತೆ ಕಟ್ಟುವುದು ವರ್ಷಗಟ್ಟಲೆ ಕೆಲಸ. ನಮ್ಮ ಸಂಘದ ಮುಂದಿನ ಆಡಳಿತ ಮಂಡಳಿಯವರು ಇದನ್ನು ನೆನಪಿಟ್ಟುಕೊಳ್ಳಲಿ.

1854ರಲ್ಲಿ ಮಡಿಕೇರಿ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಿತು. ಆಮೇಲೆ ಘಟ್ಟದ ಇಳಿಜಾರೆಲ್ಲ ಕಾಫಿ. ಕಾಫಿ ಬೀಜ ಮೂಟೆಗಟ್ಟಲೆ ಹೊರಗೆ ಹೋಗಬೇಕಾದರೆ ಗಾಡಿ ಹೋಗುವ ಗಟ್ಟಿ ರಸ್ತೆ ಬೇಕೇ ಬೇಕು. ಸೈನ್ಯಕ್ಕೆ ಅಂತ ಹುಟ್ಟಿದ ರಸ್ತೆ ಹೀಗೆ ಕಾಫಿಯ ರಸ್ತೆಯಾಯಿತು. ಹುಣಸೂರಿನಲ್ಲಿ ಕಾಫಿ ಹದಮಾಡುವ ದೊಡ್ಡ ಕಾರ್ಖಾನೆ ಬಂತು. ಮೈಸೂರಿಗೆ 1882ರಲ್ಲಿ ರೈಲು ಬಂದ ಮೇಲೆ ಮೂಟೆಗಳು ಅಲ್ಲಿ ರೈಲು ಹತ್ತುವಂತಾಯಿತು. 1918ರ ಹೊತ್ತಿಗೆ ಮೈಸೂರಿನಿಂದ ಅರಸೀಕೆರೆಗೆ ರೈಲು ಓಡಿತು. ಅದು ಈಗಿನ ಕೆ.ಆರ್. ನಗರದ ಮೇಲೆ ಹೋಯಿತೇ ಹೊರತು ಹುಣಸೂರು, ಪಿರಿಯಾಪಟ್ಟಣದ ಕಡೆ ತಿರುಗಿ ನೋಡಲಿಲ್ಲ. ಎಚ್.ಡಿ. ಕೋಟೆಗಂತೂ ರೈಲಿನ ಕೂಗೂ ಕೇಳಲಿಲ್ಲ. ಕುಶಾಲನಗರಕ್ಕೆ ರೈಲು ಬರುತ್ತೆ ಎಂಬ ಮಾತು ನಾನು ಚಡ್ಡಿ ಹಾಕಿಕೊಂಡಿದ್ದ ಕಾಲದಿಂದಲೂ ಕೇಳುತ್ತಲೇ ಇದ್ದೇನೆ. ಹಾಗಾಗಿ ನಮಗೆ ಇರುವುದು ಈ ರಸ್ತೆಯೊಂದೇ.

ನಮ್ಮ ತಾತ ಆ ರಸ್ತೆಯಲ್ಲಿ ಬಾಡಿಗೆ ಗಾಡಿ ಹೊಡೆದವರು. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಹಿಡಿದು, ಲಾಳ ಕಟ್ಟಿಸಿ, ಕೀಲಿಗೆ ಎಣ್ಣೆ ಬಿಟ್ಟು, ಎಂಟು ಹತ್ತು ಗಾಡಿ ಸೇರಿಕೊಂಡು ಹೊರಡುತ್ತಿದ್ದರಂತೆ. ಹೋಗುವಾಗ ರಾಗಿ, ಅವರೆ, ಹುರುಳಿ, ಒಣಹುಲ್ಲು. ಬರುವಾಗ ಸಾಹುಕಾರರ ಕಾಫಿ ಮೂಟೆ, ಕಾಲಕ್ಕೆ ತಕ್ಕ ಹಾಗೆ ಕಿತ್ತಲೆ. ರಾತ್ರಿ ಹೊತ್ತು ತಣ್ಣಗಿರುತ್ತದೆಂದು ನಡೆಯುವುದು, ಗಾಡಿ ಕೆಳಗೆ ಲಾಟೀನು ತೂಗುಹಾಕುವುದು. ಆನೆಕಾಡಿನಲ್ಲಿ ಆನೆ ಅಡ್ಡ ನಿಂತರೆ ಬೆಂಕಿ ಹಾಕಿಕೊಂಡು ಬೆಳಗಾಗುವ ತನಕ ಕೂರುವುದು. ಏರಿನಲ್ಲಿ ಒಂದು ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿ ಎಳೆಸುವುದು, ಇಳಿಜಾರಿನಲ್ಲಿ ಗಾಡಿ ನುಗ್ಗದ ಹಾಗೆ ಹಿಂದೆ ಮರದ ದಿಮ್ಮಿ ಕಟ್ಟುವುದು. "ಒಬ್ನೇ ಗಾಡಿ ಕಟ್ಕಂಡು ಘಟ್ಟುಕ್ಕೆ ಹೋಗ್ಬ್ಯಾಡ ಕನ್ಲಾ ಮಗ, ಏರ್ನಾಗೆ ನಿನ್ನೆತ್ತು ಸೋತ್ರೆ ಕೈ ಕೊಡೋರ್ಯಾರು?" ಎಂದು ತಾತ ಹೇಳುತ್ತಿದ್ದರು. ಸಹಕಾರ ತತ್ತ್ವದ ಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಈ ಒಂದು ಮಾತಿಗೆ ಅವು ಯಾವುವೂ ಸಮವಲ್ಲ.

ತಾತ ಎಷ್ಟು ದುಡಿದರೂ ಗಾಡಿಯ ಮೇಲಿದ್ದ ಮೂಟೆ ಮಾತ್ರ ಅವರದಾಗಿರಲಿಲ್ಲ. ಬಾಡಿಗೆ ಅವರದು, ಲಾಭ ಬೇರೆಯವರದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು ಇದ್ದಿಲ ಗ್ಯಾಸಿನ ಬಸ್ಸು ಓಡಿದವು. ಆಮೇಲೆ ಲಾರಿಗಳು ಹೆಚ್ಚಾದವು, ಬಾಡಿಗೆ ಗಾಡಿಗಳು ಮೂಲೆ ಸೇರಿದವು. ತಾತನ ಗಾಡಿ ನಮ್ಮ ಹಿತ್ತಲಲ್ಲಿ ಗೊಬ್ಬರ ಹೊರುವುದಕ್ಕೆ ಮೀಸಲಾಯಿತು.

ನಮ್ಮ ವಸ್ತು ರಸ್ತೆಗೆ ಏರಿದ್ದು

1960ರ ಸುಮಾರಿನಿಂದ ಬೈಲಕುಪ್ಪೆಯ ಕಡೆ ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದರು. ಆಗ ಅಲ್ಲೆಲ್ಲಾ ಕಾಡು. ಕಾಡು ಸವರಿ ಜೋಳ ಬೆಳೆದು, ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು ಅವರು ಮೇಲೆ ಬಂದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಇವತ್ತು ಅವರ ದೇವಸ್ಥಾನ ನೋಡಲು ಬರುವ ಜನರಿಂದ ರಸ್ತೆಯೇ ತುಂಬಿಹೋಗುತ್ತದೆ. ಬರಿಗೈಯಲ್ಲಿ ಬಂದವರು ಒಟ್ಟಾಗಿ ದುಡಿದರೆ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ರೈತರ ಪಾಲಿಗೆ ಮೊದಲು ರಸ್ತೆಗೆ ಏರಿದ ನಗದು ಬೆಳೆ ಹೊಗೆಸೊಪ್ಪು. ತಂಬಾಕು ಮಂಡಳಿ 1976ರಲ್ಲಿ ಆರಂಭವಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದ ಮೇಲೆ ಸೊಪ್ಪಿನ ಬೇಲುಗಳು ಕಂಪಲಾಪುರ, ಪಿರಿಯಾಪಟ್ಟಣ, ಹುಣಸೂರಿನ ಹರಾಜು ಮಾರುಕಟ್ಟೆಗಳಿಗೆ ಹೋಗತೊಡಗಿದವು. ದುಡ್ಡು ಬಂತು, ಹೆಂಚಿನ ಮನೆಗಳಿಗೆ ತಾರಸಿ ಬಂತು. ಜೊತೆಗೆ ಸಾಲವೂ ಬಂತು. ಬ್ಯಾರನ್ನಿಗೆ ಸೌದೆ ಅಂತ ಊರ ಸುತ್ತಲಿನ ಮರವೂ ಹೋಯಿತು. ಸೊಪ್ಪಿನ ದುಡ್ಡು ವರ್ಷಕ್ಕೆ ಒಂದು ಸಾರಿ ಬರುವಂಥದ್ದು, ಬಂದ ದಿನವೇ ಸಾಲಗಾರರ ಪಾಲಾಗುವಂಥದ್ದು.

ಹಾಲಿನ ದುಡ್ಡು ಹಾಗಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ಕೆಲಸ ದೊಡ್ಡದಾಗಿ ಶುರುವಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ರಸ್ತೆಯ ಪಕ್ಕದ ಊರುಗಳಲ್ಲಿ ಸಂಘಗಳು ಬೇಗ ಎದ್ದವು. ಒಳಗಿನ ಊರಾದ ನಮಗೆ ತಡವಾಯಿತು. ಕಾರಣ ಆ ಮೂರು ಕಿಲೋಮೀಟರ್ ಮಣ್ಣಿನ ರಸ್ತೆ. "ಮಳೆಗಾಲದಲ್ಲಿ ವ್ಯಾನ್ ಬರಲ್ಲ, ನಿಮ್ಮೂರಲ್ಲಿ ಡೇರಿ ನಡೆಯಲ್ಲ" ಎಂದೇ ಎಲ್ಲರೂ ಹೇಳಿದ್ದರು.

ಸಂಘ ಶುರುವಾದ ಮೊದಲ ವರ್ಷದ ಆಷಾಢದ ಒಂದು ಬೆಳಗ್ಗೆ ನಡೆದದ್ದನ್ನು ಹಳಬರು ಮರೆತಿಲ್ಲ. ಹೊಸದಾಗಿ ಸೇರಿದವರಿಗೆ ತಿಳಿಯಲೆಂದು ಬರೆಯುತ್ತಿದ್ದೇನೆ. ರಾತ್ರಿಯೆಲ್ಲ ಮಳೆ ಹೊಡೆದು ಹಳ್ಳ ಬಂದು ವ್ಯಾನು ಆಚೆ ದಡದಲ್ಲೇ ನಿಂತುಬಿಟ್ಟಿತು. ಕ್ಯಾನುಗಳಲ್ಲಿ ಬೆಳಗಿನ ಹಾಲು ತುಂಬಿದೆ. ಇನ್ನೊಂದು ಗಂಟೆ ತಡವಾದರೆ ಹುಳಿಯಾಗಿ ವಾಪಸ್ಸು ಬರುತ್ತೆ. ಒಂದು ದಿನದ ಹಾಲು ಹೋದರೆ ಮಾರನೇ ದಿನ ಯಾರೂ ಹಾಕುವುದಿಲ್ಲ, ಸಂಘ ಅಲ್ಲಿಗೇ ಮುಗಿಯಿತು ಎಂದು ಕಾರ್ಯದರ್ಶಿ ತಲೆ ಮೇಲೆ ಕೈಹೊತ್ತು ಕುಳಿತಿದ್ದರು. ಆಗ ಸಂಘಕ್ಕೆ ಇನ್ನೂ ಸದಸ್ಯರೇ ಆಗದಿದ್ದ ಮೇಲಿನ ಬೀದಿಯ ಯಜಮಾನರೊಬ್ಬರು ಗೊಬ್ಬರದ ಗಾಡಿ ಕಟ್ಟಿಕೊಂಡು ಬಂದು ನಿಂತರು. "ವ್ಯಾನ್ ಬರ್ದೆ ಹೋದ್ರೆ ಹೋಗ್ಲಿ ಕನ್ರಪ್ಪ, ಎತ್ತವೆ. ಕ್ಯಾನ್ ಮುಚ್ಚಳ ಬಿಗಿಯಾಗಿ ಹಾಕಿ" ಅಂದರು. ಸೊಂಟದ ಮಟ್ಟದ ನೀರಿನಲ್ಲಿ ನಾಲ್ಕು ಜನ ಗಾಲಿ ಹಿಡಿದು, ಎತ್ತುಗಳು ಹಳ್ಳ ದಾಟಿಸಿ, ಹಾಲು ಹೊತ್ತಿಗೆ ಸರಿಯಾಗಿ ವ್ಯಾನು ಏರಿತು. ಆ ಯಜಮಾನರು ಈಗಿಲ್ಲ. ಅವರು ಬಾಡಿಗೆ ಅಂತ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆ ಮಳೆಗಾಲವೆಲ್ಲ ಸರದಿ ಮೇಲೆ ಊರಿನ ಗಾಡಿಗಳು ಹಾಲು ಹೊತ್ತವು. ನಮ್ಮ ತಾತನ ಗಾಡಿಯೂ ಹೋಯಿತು. ಬೇರೆಯವರ ಕಾಫಿ ಹೊತ್ತ ಗಾಡಿ ಅಂದು ಊರಿನ ಹಾಲು ಹೊತ್ತಿತು. ಈ ರಸ್ತೆ ನಮ್ಮದಾದದ್ದು ಆ ದಿನ ಎಂದು ನಾನು ತಿಳಿದಿದ್ದೇನೆ.

ಹಳ್ಳಕ್ಕೆ ಮೋರಿ, ಅಡ್ಡರಸ್ತೆಗೆ ಡಾಂಬರು ಆಮೇಲೆ ಬಂದವು. ದಿನಾ ಹಾಲು ಹೋಗುತ್ತದೆ ಎಂಬ ಕಾರಣ ತೋರಿಸಿದ್ದರಿಂದಲೇ ಬಂದವು. ಅದೇ ರಸ್ತೆಯಲ್ಲಿ ಇಂದು ನಮ್ಮ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಹೆರಿಗೆಗೆ ಆಂಬುಲೆನ್ಸ್ ಬರುತ್ತದೆ. ಹೆಣ್ಣುಮಕ್ಕಳ ಕೈಗೆ ಬಟವಾಡೆ ದಿನ ಸ್ವಂತ ದುಡ್ಡು ಸೇರುತ್ತದೆ.

ಘಟ್ಟ ಕಲಿಸಿದ ಪಾಠ

ರಸ್ತೆ ಗಟ್ಟಿಯಾಗಿದೆ ಎಂದು ನಾವು ನೆಚ್ಚಿಕೊಂಡಿರುವಾಗ 2018ರ ಆಗಸ್ಟ್ ತಿಂಗಳ ಮಳೆಗೆ ಮಡಿಕೇರಿಯ ಸುತ್ತ ಗುಡ್ಡಗಳೇ ಜರಿದವು. ಜೋಡುಪಾಲ, ಮದೆನಾಡು ಕಡೆ ಮನೆ ಮಠ ಕೊಚ್ಚಿಹೋ‌ದವು, ಜನ ಸತ್ತರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕೆಲವು ವಾರ ಮುಚ್ಚಿಹೋಯಿತು. ಅದೇ ಸಮಯದಲ್ಲಿ ಶಿರಾಡಿ ಘಟ್ಟದ ರಸ್ತೆಯೂ ಕುಸಿದಿತ್ತು. ಘಟ್ಟದ ಕೆಳಗಿನ ಮಾರುಕಟ್ಟೆ ನಂಬಿ ತರಕಾರಿ ಹಾಕಿದ್ದ ನಮ್ಮ ಕಡೆಯ ರೈತರಿಗೆ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತು. ಇಳಿಜಾರಿನ ಬುಡವನ್ನು ಕಡಿದಷ್ಟೂ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರಿಗೆ ಹೋಗಲು ದಾರಿ ಬಿಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಇದು ಬೆಟ್ಟಕ್ಕೂ ನಿಜ, ನಮ್ಮ ಹೊಲದ ಬದುವಿಗೂ ನಿಜ.

ಈಗ ಬರುತ್ತಿರುವ ಹೊಸ ರಸ್ತೆ

2023ರ ಮಾರ್ಚ್ 12ರಂದು ಮೈಸೂರು-ಕುಶಾಲನಗರ ನಾಲ್ಕು ಪಥದ ಹೆದ್ದಾರಿಗೆ ಪ್ರಧಾನಮಂತ್ರಿಯವರು ಮಂಡ್ಯದಲ್ಲಿ ಶಂಕುಸ್ಥಾಪನೆ ಮಾಡಿದರು. ಉದ್ದ ಸುಮಾರು 92 ಕಿಲೋಮೀಟರ್, ಅಂದಾಜು ವೆಚ್ಚ ಸುಮಾರು 4,130 ಕೋಟಿ ರೂಪಾಯಿ. ಶ್ರೀರಂಗಪಟ್ಟಣದ ಹತ್ತಿರದಿಂದ ಹೊರಟು ಕುಶಾಲನಗರದ ಬಳಿಯ ಗುಡ್ಡೆಹೊಸೂರಿನವರೆಗೆ, ಬಹುಪಾಲು ಹಳೆಯ ರಸ್ತೆಯನ್ನು ಬಿಟ್ಟು ಹೊಸ ಜಾಡಿನಲ್ಲಿ ಅದು ಹೋಗುತ್ತದೆ. ಇಂಥ ರಸ್ತೆಗೆ ಎಲ್ಲೆಂದರಲ್ಲಿ ಹತ್ತುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಗೊತ್ತುಮಾಡಿದ ಕಡೆ ಮಾತ್ರ ಪ್ರವೇಶ.

ರಸ್ತೆ ಬೇಡ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕಾದವರಿಗೆ, ದೂರದ ಪೇಟೆಗೆ ಮಾಲು ಕಳಿಸುವವರಿಗೆ ಅದರಿಂದ ಅನುಕೂಲವೇ. ಆದರೆ ಮೊದಲಿಗೇ ಹೇಳಿದ ಮಾತು ಇಲ್ಲಿ ಬಂತು ನೋಡಿ. ಊರಿನ ವಸ್ತು ಏರಲಾಗದ ರಸ್ತೆ, ಎಷ್ಟೇ ಹತ್ತಿರ ಹಾದುಹೋದರೂ, ಊರಿಗೆ ಗೋಡೆಯ ಹಾಗೆ. ಒಂದು ಕಡೆ ಮನೆ, ಇನ್ನೊಂದು ಕಡೆ ಹೊಲ. ಒಂದು ಕಡೆ ಹಟ್ಟಿ, ಇನ್ನೊಂದು ಕಡೆ ಕೆರೆ ಆದರೆ ದನ ಹೊಡೆದುಕೊಂಡು ಹೋಗುವುದು ಹೇಗೆ? ಮೇವಿನ ಟ್ರ್ಯಾಕ್ಟರು ಎಷ್ಟು ಸುತ್ತಬೇಕು? ಹಾಲಿನ ಗಾಡಿ ಹೊತ್ತಿಗೆ ಮುಟ್ಟುತ್ತದೆಯೇ? ಜಮೀನು ಬಿಟ್ಟುಕೊಡುವವರ ಪರಿಹಾರದ ಹಣ ಮದುವೆ, ಮನೆ, ಬೈಕು ಅಂತ ಎರಡೇ ವರ್ಷದಲ್ಲಿ ಕರಗಿದರೆ ಆಮೇಲೆ ಏನು ಗತಿ?

ಆದ್ದರಿಂದ ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಒಂದು, ಹೊಸ ರಸ್ತೆಯ ನಕ್ಷೆಯ ಪ್ರತಿಯನ್ನು ತರಿಸಿ ಸಂಘದ ಗೋಡೆಗೆ ಹಾಕೋಣ. ಯಾವ ಸರ್ವೆ ನಂಬರು, ಯಾವ ಹಳ್ಳ, ಯಾವ ಬಂಡಿದಾರಿ ಅದಕ್ಕೆ ಸಿಕ್ಕುತ್ತದೆ ಎಂದು ಓದು ಬಂದವರು ಬಾರದವರಿಗೆ ತೋರಿಸಲಿ. ಎರಡು, ದನಕರು, ಗಾಡಿ, ಟ್ರ್ಯಾಕ್ಟರು ದಾಟಲು ಕೆಳಸೇತುವೆ ಎಲ್ಲಿ ಬೇಕು, ಪಕ್ಕದ ಸರ್ವಿಸ್ ರಸ್ತೆ ಎಲ್ಲಿಂದ ಎಲ್ಲಿಗೆ ಬೇಕು ಎಂಬುದನ್ನು ಒಬ್ಬೊಬ್ಬರೇ ಅರ್ಜಿ ಬರೆಯದೆ ಸಂಘದ ಮಹಾಸಭೆಯಲ್ಲಿ ತೀರ್ಮಾನಿಸಿ, ಅಕ್ಕಪಕ್ಕದ ಊರುಗಳ ಸಂಘಗಳನ್ನೂ ಸೇರಿಸಿಕೊಂಡು ಒಟ್ಟಾಗಿ ಕೊಡೋಣ. ಕಾಂಕ್ರೀಟು ಬಿದ್ದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಮೂರು, ಪರಿಹಾರ ಬಂದವರು ಅದರಲ್ಲಿ ಒಂದು ಪಾಲನ್ನಾದರೂ ಹಸು, ಮೇವಿನ ಜಮೀನು, ಇಲ್ಲವೇ ಠೇವಣಿಯ ರೂಪದಲ್ಲಿ ಉಳಿಸಲಿ. ನೆಲ ಹೋದ ಮನೆಗೆ ನಾಲ್ಕು ಹಸು ಇದ್ದರೂ ಒಲೆ ಉರಿಯುತ್ತದೆ.

ಹಳೆಯ ಮಡಿಕೇರಿ ರಸ್ತೆಯನ್ನೂ ಮರೆಯಬಾರದು. ದೊಡ್ಡ ಗಾಡಿಗಳು ಹೊಸ ರಸ್ತೆಗೆ ಹೋದ ಮೇಲೆ ಇದರ ಗುಂಡಿ ಮುಚ್ಚುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಬಸ್ಸು, ನಮ್ಮ ಹಾಲು, ನಮ್ಮ ಸೊಪ್ಪಿನ ಬೇಲು, ನಮ್ಮ ಮಕ್ಕಳು ಹೋಗಬೇಕಾದ್ದು ಇದರ ಮೇಲೆಯೇ. ಕೇಳುವವರಿಲ್ಲದ ರಸ್ತೆ ಮತ್ತೆ ಗಾಡಿಜಾಡಾಗಲು ಹೆಚ್ಚು ಕಾಲ ಬೇಕಾಗಿಲ್ಲ.

ಎತ್ತು ಸೋತಾಗ ಕೈ ಕೊಡುವವರು ಯಾರು ಎಂದು ನಮ್ಮ ತಾತ ಕೇಳುತ್ತಿದ್ದರಲ್ಲ, ಅದಕ್ಕೆ ಉತ್ತರವಾಗಿ ಊರಿನಲ್ಲಿ ಈಗ ಒಂದು ಸಂಘವಿದೆ. ಅಂದು ಹಳ್ಳದಲ್ಲಿ ಗಾಲಿ ಹಿಡಿದ ಹಾಗೆ ಈ ಏರಿನಲ್ಲೂ ಎಲ್ಲರೂ ಸೇರಿ ಹೆಗಲು ಕೊಡೋಣ.  ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ. ಆ ಹೊತ್ತಿಗೆ ಈ ರಸ್ತೆಯ ಮುಂದಿನ ಕಥೆಯನ್ನು ನಮ್ಮೂರ ಮಕ್ಕಳಲ್ಲಿ ಒಬ್ಬರು ಬರೆಯುವಂತಾಗಲಿ.